ಬದುವಿನಿಂದ ಬ್ಯಾರಕ್ಕಿಗೆ

ತಮ್ಮಾ, ನಸುಕಿನಲ್ಲಿ ಎದ್ದು ಹರಪನಹಳ್ಳಿ ರಸ್ತೆಯ ಮೇಲೆ ಓಡುವಾಗ ನೀನು ಎದೆಯೆತ್ತಿ ಓಡುತ್ತೀಯ. ಅದೇ ದಿನ ಬಿಸಿಲೇರುವ ಹೊತ್ತಿಗೆ ಸಲಿಕೆ, ಪುಟ್ಟಿ ಹಿಡಿದು ಉದ್ಯೋಗ ಖಾತ್ರಿ ಕೆಲಸಕ್ಕೆ ಹೊರಟರೆ ತಲೆಗೆ ಸುತ್ತಿದ ಟವೆಲ್ಲು ಮುಖದವರೆಗೂ ಇಳಿಯುತ್ತದೆ. ಮೊಬೈಲಿನಲ್ಲಿ ಹಾಜರಿ ಫೋಟೊ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುತ್ತೀಯ. ನಾಳೆ ಸೇನೆಯ ಸಮವಸ್ತ್ರ ತೊಡಬೇಕಾದವನು ಇವತ್ತು ಊರ ಕೆರೆಯ ಹೂಳು ಹೊರುತ್ತಿದ್ದಾನೆ ಎಂದು ಯಾರಾದರೂ ಆಡಿಕೊಂಡಾರು ಎಂಬ ಅಂಜಿಕೆ ನಿನ್ನದು. ನಮ್ಮೂರು ಚಿಗಟೇರಿಯಲ್ಲಷ್ಟೇ ಅಲ್ಲ, ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸೀಮೆಯ ಹಳ್ಳಿಗಳಲ್ಲೂ ನಿನ್ನ ವಾರಿಗೆಯ ಹುಡುಗರಲ್ಲಿ ಇದೇ ಅಂಜಿಕೆ ಕಂಡಿದ್ದೇನೆ. ಅದನ್ನು ಬಿಡಿಸಬೇಕೆಂದೇ ಈ ನಾಲ್ಕು ಮಾತು.

ನಾನು ಸೈನಿಕನಾಗಿದ್ದವನಲ್ಲ, ಮಾಸ್ತರಿಕೆ ಮಾಡಿದವನು. ಹಾಗಾಗಿ ರಣರಂಗದ ಕಥೆ ನನ್ನಲ್ಲಿಲ್ಲ. ಓದಿ ತಿಳಿದದ್ದೊಂದು ಇದೆ, ಅದು ನಿನ್ನದೇ ಕಥೆಯಂತೆ ಇದೆ, ಕೇಳು.

1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಬ್ಯಾಂಕುಗಳು ಮುಳುಗಿ ಕಾರ್ಖಾನೆಗಳಿಗೆ ಬೀಗ ಬಿತ್ತು. 1933ರ ಹೊತ್ತಿಗೆ ಅಲ್ಲಿ ದುಡಿಯುವ ಕೈಗಳಲ್ಲಿ ನಾಲ್ಕಕ್ಕೆ ಒಂದು ಖಾಲಿ ಕೂತಿತ್ತು. ಅದೇ ಕಾಲಕ್ಕೆ ಮಳೆ ಹೋಯಿತು. ಹುಲ್ಲುಗಾವಲನ್ನೆಲ್ಲ ಕಿತ್ತು ಉತ್ತಿದ್ದ ಬಯಲು ಸೀಮೆಯಲ್ಲಿ ಮೇಲ್ಮಣ್ಣು ಗಾಳಿಗೆದ್ದು ಆಕಾಶ ಕಪ್ಪಿಟ್ಟಿತು. ಲಕ್ಷಾಂತರ ಜನ ಮನೆಮಠ ಬಿಟ್ಟು ಪಶ್ಚಿಮಕ್ಕೆ ಹೊರಟರು. ನಮ್ಮ ತಾಂಡಾಗಳಿಂದ ಕಾಫಿ ಸೀಮೆಗೆ ಗುಳೆ ಹೋಗುವವರನ್ನು ಕಂಡವನಿಗೆ ಆ ಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ.

1933ರಲ್ಲೇ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದ ತಿಂಗಳೊಳಗೇ, ಮಾರ್ಚ್ 31ರಂದು, ಒಂದು ಕಾಯಿದೆಗೆ ಸಹಿ ಹಾಕಿದ. ಅದರಿಂದ ಹುಟ್ಟಿದ್ದು ಸಿವಿಲಿಯನ್ ಕನ್ಸರ್ವೇಷನ್ ಕೋರ್, ಅಂದರೆ ನೆಲ, ಕಾಡು ಉಳಿಸುವ ನಾಗರಿಕ ಪಡೆ. ಸರ್ಕಾರದ ನೆರವಿನಲ್ಲಿ ಬದುಕುತ್ತಿದ್ದ ಕುಟುಂಬಗಳ, ಮದುವೆಯಾಗದ, 18ರಿಂದ 25 ವಯಸ್ಸಿನ ಹುಡುಗರನ್ನು ಆರು ತಿಂಗಳ ಕರಾರಿನ ಮೇಲೆ ತೆಗೆದುಕೊಂಡರು. ತಿಂಗಳಿಗೆ 30 ಡಾಲರ್ ಕೂಲಿ. ಅದರಲ್ಲಿ ಸಾಮಾನ್ಯವಾಗಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು, ಹುಡುಗನ ಕೈಗೆ ಉಳಿಯುತ್ತಿದ್ದದ್ದು ಐದು. ಊಟ, ಬಟ್ಟೆ, ಹಾಸಿಗೆ, ಔಷಧ ಶಿಬಿರದ್ದೇ. ಒಂಬತ್ತು ವರ್ಷಗಳಲ್ಲಿ ಸುಮಾರು 30 ಲಕ್ಷ ಜನ ಆ ಶಿಬಿರಗಳನ್ನು ಹಾದುಹೋದರು. 300 ಕೋಟಿಯಷ್ಟು ಗಿಡ ನೆಟ್ಟರು. ಕೊರಕಲುಗಳಿಗೆ ಕಲ್ಲಿನ ತಡೆ ಕಟ್ಟಿದರು, ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿದರು, ಕಾಡಿನ ಬೆಂಕಿ ಆರಿಸಿದರು. ಮಣ್ಣು ಉಳಿಸುವ ಇಲಾಖೆಯೇ ಅಲ್ಲಿ 1935ರಲ್ಲಿ ಹುಟ್ಟಿತು. ಅದರ ಮುಖ್ಯಸ್ಥ ಹ್ಯೂ ಬೆನೆಟ್ ರೈತರಿಗೆ ತೋರಿಸಿಕೊಟ್ಟ ಇಳುಕಲು ಹೊಲಗಳಲ್ಲಿ ದುಡಿದ ಕೈಗಳಲ್ಲಿ ಈ ಹುಡುಗರವೂ ಇದ್ದವು.

ಇಷ್ಟೊಂದು ಹುಡುಗರನ್ನು ಸಾಗಿಸಿ, ಡೇರೆ ಹಾಕಿ, ಉಣ್ಣಿಸಿ ಸಂಭಾಳಿಸುವ ಶಕ್ತಿ ಆಗ ಆ ದೇಶದಲ್ಲಿ ಇದ್ದದ್ದು ಸೈನ್ಯಕ್ಕೊಂದೇ. ಹಗಲು ಕೆಲಸ ಮಾಡಿಸುವವರು ಅರಣ್ಯ ಇಲಾಖೆಯವರು, ಶಿಬಿರ ನಡೆಸುವವರು ಸೈನ್ಯದ ಅಧಿಕಾರಿಗಳು. ಬಂದೂಕಿನ ಕವಾಯತು ಇರಲಿಲ್ಲ. ಆದರೂ ಬೆಳಗಿನ ಆರಕ್ಕೆ ಏಳುವುದು, ಹಾಸಿಗೆ ಮಡಚುವುದು, ಸಾಲಿನಲ್ಲಿ ಹೆಸರು ಕೂಗಿಸಿಕೊಳ್ಳುವುದು, ಗುರುತಿಲ್ಲದ ಊರಿನವನ ಜತೆ ಒಂದೇ ಸೂರಿನಡಿ ಮಲಗುವುದು, ಲಾರಿ ನಡೆಸುವುದು, ನೂರಾರು ಜನರಿಗೆ ಅಡುಗೆ ಮಾಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಎಲ್ಲವನ್ನೂ ಅವರು ಅಲ್ಲಿ ಕಲಿತರು. ಸಂಜೆ ಪಾಠ ನಡೆಯುತ್ತಿತ್ತು, ಸಾವಿರಾರು ಜನ ಅಕ್ಷರ ಕಲಿತದ್ದೂ ಅಲ್ಲಿಯೇ. ಒಣಕಲು ಮೈಯಲ್ಲಿ ಬಂದವರು ಕೆಲವೇ ತಿಂಗಳಲ್ಲಿ ಮೈತುಂಬಿಕೊಂಡರು.

1941ರ ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರಿನ ಮೇಲೆ ಜಪಾನಿನ ಬಾಂಬು ಬಿತ್ತು, ಅಮೆರಿಕ ಯುದ್ಧಕ್ಕಿಳಿಯಿತು. ಮುಂದಿನ ಬೇಸಿಗೆಯಲ್ಲಿ ಸಂಸತ್ತು ಈ ಪಡೆಗೆ ಹಣ ನಿಲ್ಲಿಸಿತು. ಅಷ್ಟರಲ್ಲಾಗಲೇ ಹುಡುಗರು ಸೈನ್ಯದ ಕಡೆಗೆ ನಡೆದಿದ್ದರು. ಆ ಸೈನ್ಯದ ಮುಖ್ಯಸ್ಥ ಜಾರ್ಜ್ ಮಾರ್ಷಲ್ ಕೂಡ ಕೆಲವೇ ವರ್ಷಗಳ ಹಿಂದೆ ಇಂಥ ಶಿಬಿರಗಳ ಮೇಲ್ವಿಚಾರಣೆ ನೋಡಿಕೊಂಡಿದ್ದವನು. ಗುದ್ದಲಿ ಹಿಡಿದು ಒಟ್ಟಿಗೆ ದುಡಿದಿದ್ದವರಿಗೆ ಸೈನ್ಯದ ಶಿಸ್ತು ಹೊಸದೆನಿಸಲಿಲ್ಲ. ಹೊಸ ಭರ್ತಿಯ ಗುಂಪಿನಲ್ಲಿ ಮೊದಲು ಬಡ್ತಿ ಪಡೆದವರಲ್ಲಿ ಅವರೂ ಇದ್ದರು. ಅನೇಕರು ಹಿಂದಿರುಗಲೇ ಇಲ್ಲ ಎನ್ನುವುದನ್ನೂ ಹೇಳಬೇಕು. ಸಮವಸ್ತ್ರದ ಮಾತು ಆಡುವಾಗ ಸಾವಿನ ಮಾತನ್ನು ಮುಚ್ಚಿಡುವ ಹಿರಿಯ ನಾನಾಗಲಾರೆ.

ಇನ್ನೊಬ್ಬನ ಹೆಸರು ಹೇಳಿ ಮುಂದಕ್ಕೆ ಹೋಗುತ್ತೇನೆ. ನಾರ್ಮನ್ ಬೋರ್ಲಾಗ್ ಎಂಬ ರೈತನ ಮಗ 1935ರಲ್ಲಿ ಇಂಥದೇ ಶಿಬಿರದಲ್ಲಿ ಮುಂದಾಳಾಗಿದ್ದ. ಹಸಿದು ಬಂದವರು ಹೊಟ್ಟೆತುಂಬ ಉಂಡ ಮೇಲೆ ಹೇಗೆ ಬೇರೆಯೇ ಮನುಷ್ಯರಾದರು ಎಂಬುದನ್ನು ಅಲ್ಲಿ ಕಂಡೆ ಎಂದು ಮುಂದೆ ನೆನೆಸಿಕೊಂಡ. ಅವನು ಬೆಳೆಸಿದ ಗಿಡ್ಡ ಗೋಧಿ 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂತು, 1970ರಲ್ಲಿ ಅವನಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಅಮೆರಿಕದಲ್ಲಿ ಆ ಶಿಬಿರಗಳು ನಡೆಯುತ್ತಿದ್ದಾಗ ನಮ್ಮ ಸೀಮೆಯಲ್ಲಿ ಏನಿತ್ತು ಎಂದು ಕೇಳು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದು, ಹರಪನಹಳ್ಳಿಯೂ ಅದರೊಳಗೇ. ನಮ್ಮವರಿಗೆ ಯಾವ ರೂಸ್‌ವೆಲ್ಟನೂ ಬರಲಿಲ್ಲ, ಇದ್ದದ್ದು ಬರಗಾಲದ ಕಾಮಗಾರಿ. ಅದರ ಬೇರು 1876ರ ಧಾತು, ಮರುವರ್ಷದ ಈಶ್ವರ ಸಂವತ್ಸರಗಳ ಘೋರ ಬರದಲ್ಲಿದೆ. ಆ ಬರಕ್ಕೆ ಹೆಚ್ಚು ಬಲಿಯಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಸರ್ಕಾರದ ಪರವಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದು ಆಣೆ ಸಾಕೆಂದ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದರಿಂದ ದುಡಿಯುವವನು ಸಾಯುತ್ತಾನೆ ಎಂದು ಜಗಳವಾಡಿದ. ಆ ಅಧಿಕಾರಿಯನ್ನು ಎಲ್ಲ ಶಾಲೆಯ ಪಾಠದಲ್ಲೂ ನೆನೆಯಬೇಕು ಎನ್ನುವುದು ನನ್ನ ಅಭಿಪ್ರಾಯ. ಹಸಿದವನಿಗೆ ಕೆಲಸ ಕೊಡುವುದು ಸರ್ಕಾರದ ಹೊಣೆ ಎಂಬ ಬರಗಾಲದ ಸಂಹಿತೆಗಳು ಆ ಸಾವುಗಳ ಮೇಲೆಯೇ ಬರೆಯಲ್ಪಟ್ಟವು. ನೀನು ಕೈಯಲ್ಲಿ ಹಿಡಿದ ಜಾಬ್ ಕಾರ್ಡಿಗೆ ಅಷ್ಟು ಹಳೆಯ ಋಣವಿದೆ.

1930ರ ದಶಕದಲ್ಲಿ ಅಮೆರಿಕದವರು ತಮ್ಮ ಧೂಳಿನ ಜತೆ ಹೋರಾಡುತ್ತಿದ್ದಾಗ ಬಳ್ಳಾರಿ ಹತ್ತಿರದ ಹಗರಿ ಸಂಶೋಧನಾ ಕೇಂದ್ರದಲ್ಲಿಯೂ ಒಣಬೇಸಾಯದ ಪ್ರಯೋಗ ನಡೆದಿತ್ತು. ಸೊಲ್ಲಾಪುರ, ವಿಜಯಪುರ, ರಾಯಚೂರಿನಲ್ಲಿ ಅದರ ಜತೆಗಾರ ಕೇಂದ್ರಗಳಿದ್ದವು. ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯುವುದು ಹೇಗೆ ಎಂಬುದೊಂದೇ ಅವರ ಮುಂದಿದ್ದ ಪ್ರಶ್ನೆ. 1949ರಲ್ಲಿ ಮದ್ರಾಸ್ ಸರ್ಕಾರ ಬದು ಹಾಕುವುದಕ್ಕೆಂದೇ ಕಾಯಿದೆ ಮಾಡಿತು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಶುರುವಾಯಿತು, ಇವತ್ತಿಗೂ ಇದೆ. ಆ ಕೇಂದ್ರದ ಕೆಲಸದಿಂದ ತಿಳಿದ ಒಂದು ಸಂಗತಿ ನಿನಗೆ ನೇರವಾಗಿ ಬೇಕಾದದ್ದು: ಮಸಾರಿ ನೆಲಕ್ಕೆ ಒಗ್ಗುವ ಸಮಪಾತಳಿ ಬದು ಎರೆಹೊಲಕ್ಕೆ ಒಗ್ಗುವುದಿಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಬದು ಸೀಳುತ್ತದೆ. ಮಳೆ ಹಿಡಿದರೆ ನೀರು ನಿಂತು ಬೆಳೆ ಕೊಳೆಯುತ್ತದೆ. ಅಲ್ಲಿ ಬದುವಿಗೆ ಸಣ್ಣ ಇಳಿಜಾರು ಕೊಟ್ಟು, ಹೆಚ್ಚಾದ ನೀರು ಹರಿದುಹೋಗಲು ದಾರಿ ಬಿಡಬೇಕು.

ಇದನ್ನು ಯಾಕೆ ಹೇಳಿದೆ ಅಂದರೆ, ಖಾತ್ರಿ ಕೆಲಸ ಅಂದರೆ ಗುಂಡಿ ತೋಡಿ ಅಳತೆ ಕೊಟ್ಟು ಬರುವುದು ಎಂದುಕೊಂಡಿದ್ದೀಯ. ಅಳತೆಗೆ ಬಂದ ಎಂಜಿನಿಯರನ್ನು ಕೇಳು, ಈ ಬದು ಇಲ್ಲೇ ಯಾಕೆ, ಇಷ್ಟೇ ಎತ್ತರ ಯಾಕೆ, ಕೋಡಿ ಎಲ್ಲಿ ಎಂದು. ಎರಡು ಉದ್ದ ಕೋಲು, ಒಂದು ಅಡ್ಡಪಟ್ಟಿ ಕಟ್ಟಿ, ತುದಿಯಿಂದ ದಾರಕ್ಕೆ ಕಲ್ಲು ಇಳಿಬಿಟ್ಟರೆ ಸಮಪಾತಳಿಯ ಗೆರೆ ಹಿಡಿಯುವ ಸಾಧನ ತಯಾರು. ಅದನ್ನು ಬಳಸಲು ಅರ್ಧ ದಿನದಲ್ಲಿ ಕಲಿಯಬಹುದು. ಅಪ್ಪನ ಹೊಲದಲ್ಲಿ ಮೊದಲು ಹಿಡಿದು ನೋಡು. ಮೆಕ್ಕೆಜೋಳದ ಹೊಲದಿಂದ ಪ್ರತಿ ಮಳೆಗೂ ಕೆಂಪಾಗಿ ಹರಿದು ಹಳ್ಳ ಸೇರುವುದು ನಿನ್ನ ಅಪ್ಪ ಸಾಲ ಮಾಡಿ ಹಾಕಿದ ಗೊಬ್ಬರವೇ.

ಉದ್ಯೋಗ ಖಾತ್ರಿ 2006ರ ಫೆಬ್ರುವರಿ 2ರಂದು ಮೊದಲು ಜಾರಿಗೆ ಬಂದ 200 ಜಿಲ್ಲೆಗಳಲ್ಲಿ ದಾವಣಗೆರೆಯೂ ಇತ್ತು. ನಮ್ಮ ಹರಪನಹಳ್ಳಿ ತಾಲ್ಲೂಕು ಆಗ ದಾವಣಗೆರೆಗೆ ಸೇರಿತ್ತು. ಹಾಗಾಗಿ ಇಡೀ ದೇಶದಲ್ಲಿ ಮೊದಲು ಈ ಹಕ್ಕು ಬಂದ ಊರುಗಳಲ್ಲಿ ಚಿಗಟೇರಿಯೂ ಸೇರುತ್ತದೆ. ಆಮೇಲೆ 2018ರಲ್ಲಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ನಾವು ಬಂದೆವು. ಜಿಲ್ಲೆ ಬದಲಾಗಲಿ, ಯೋಜನೆಯ ಹೆಸರು, ದಿನಗಳ ಲೆಕ್ಕ ಬದಲಾಗಲಿ, ನೆಲ ಅದೇ, ಮಳೆಯೂ ಅದೇ. ಅದರಲ್ಲಿ ದುಡಿಯುವುದಕ್ಕೆ ನಾಚಿಕೆ ಯಾಕಪ್ಪಾ?

ಈಗ ಬ್ಯಾರಕ್ಕಿನ ಮಾತಿಗೆ ಬರುತ್ತೇನೆ.

ಎರಡನೆಯ ಮಹಾಯುದ್ಧ ಶುರುವಾದಾಗ ಭಾರತದ ಸೇನೆಯಲ್ಲಿ ಎರಡು ಲಕ್ಷದಷ್ಟು ಜನ. 1945ರ ಹೊತ್ತಿಗೆ 25 ಲಕ್ಷ. ಕಡ್ಡಾಯ ಭರ್ತಿ ಇರಲಿಲ್ಲ, ಎಲ್ಲರೂ ತಾವಾಗಿ ಹೆಸರು ಕೊಟ್ಟವರು. ತಾವಾಗಿ ಎಂದೆ, ಆದರೆ ಒಣಗಿದ ಹೊಲ, ಏರಿದ ಸಾಲ, ತಿಂಗಳ ಸಂಬಳದ ಆಸೆ ಹಿಂದಿನಿಂದ ನೂಕದಿದ್ದರೆ ಅಷ್ಟು ಜನ ಹೋಗುತ್ತಿರಲಿಲ್ಲ. ಅದಕ್ಕೂ ಮೊದಲು ಬ್ರಿಟಿಷರು ದಕ್ಷಿಣದವರು ಯುದ್ಧಕ್ಕೆ ಹುಟ್ಟಿದ ಜಾತಿಯಲ್ಲ ಎಂದು ತೀರ್ಮಾನಿಸಿ ಹಳೆಯ ಮದ್ರಾಸ್ ಪಲ್ಟನ್ನುಗಳನ್ನು ಒಂದೊಂದಾಗಿ ಮುಚ್ಚಿದ್ದರು. ಯುದ್ಧ ಬಂದಾಗ ಅದೇ ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಬೇಕಾಯಿತು. ಮುಚ್ಚದೆ ಉಳಿಸಿಕೊಂಡಿದ್ದು ಯಾವುದನ್ನು ಗೊತ್ತೇ? ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯನ್ನು. 1780ರಷ್ಟು ಹಳೆಯದು. ಇವತ್ತು ಅದನ್ನೇ ಮದ್ರಾಸ್ ಎಂಜಿನಿಯರ್ ಗ್ರೂಪ್ ಎನ್ನುತ್ತಾರೆ. ಅವರ ಕಸುಬು ನಿನ್ನದೇ: ಮಣ್ಣು ಅಗೆಯುವುದು, ದಾರಿ ಮಾಡುವುದು, ಸೇತುವೆ ಕಟ್ಟುವುದು, ನೆಲದಲ್ಲಿ ಹೂತ ಸಿಡಿಗುಂಡು ಹುಡುಕಿ ತೆಗೆಯುವುದು. ತಂತಿಬೇಲಿ ಸೀಳುವ ಬೆಂಗಳೂರು ಟಾರ್ಪಿಡೊ ಎಂಬ ಉದ್ದ ಕೊಳವೆಯ ಸಿಡಿಮದ್ದನ್ನು 1912ರಲ್ಲಿ ಹುಟ್ಟಿಸಿದವರೂ ಅವರೇ. 1944ರ ಜೂನ್ 6ರಂದು ನಾರ್ಮಂಡಿಯ ದಡದಲ್ಲಿ ಇಳಿದ ಅಮೆರಿಕನ್ ಸೈನಿಕರು ಬೇಲಿ ಒಡೆದದ್ದು ಆ ಕೊಳವೆಯಿಂದ. ಅದೇ ವರ್ಷ ಫೆಬ್ರುವರಿಯಲ್ಲಿ ಇಟಲಿಯ ಮಿನ್ಯಾನೊ ಹತ್ತಿರ ಆ ಪಡೆಯ ಸುಬೇದಾರ್ ಸುಬ್ರಮಣಿಯನ್ ಸಿಡಿಯಲಿದ್ದ ಮೈನಿನ ಮೇಲೆ ತಾನೇ ಬಿದ್ದು ಜತೆಯವರನ್ನು ಉಳಿಸಿದ. ಅದಕ್ಕಾಗಿ ಅವನಿಗೆ ಜಾರ್ಜ್ ಕ್ರಾಸ್ ಪದಕ ಬಂತು.

ಸಲಿಕೆಯವನನ್ನು ಸೈನಿಕನಿಗಿಂತ ಕೆಳಗೆ ಕೂರಿಸುವ ಮನಸ್ಸು ಸೈನ್ಯದೊಳಗೆ ನಿಲ್ಲುವುದಿಲ್ಲ, ತಮ್ಮಾ. ಅಲ್ಲಿಗೆ ಹೋದ ಮೊದಲ ತಿಂಗಳೇ ನಿನ್ನ ಕೈಗೆ ಸಲಿಕೆ ಬರುತ್ತದೆ. ಸರಿಯಾಗಿ ಹಿಡಿಯಲು ಬರುವವನಾಗಿ ಹೋಗು.

ಇನ್ನು ಹೇಳಲು ಕಷ್ಟವಾದ ಒಂದು ಮಾತು. ಅಮೆರಿಕದ ಆ ಶಿಬಿರಗಳಲ್ಲಿ ಕರಿಯ ಹುಡುಗರಿಗೆ ಬಹುಪಾಲು ಬೇರೆ ಶಿಬಿರ, ಯುದ್ಧಕ್ಕೆ ಹೋದಾಗಲೂ ಬೇರೆ ಪಲ್ಟನ್ನು. ಅದನ್ನು ಕೊನೆಗಾಣಿಸಲು ಅಧ್ಯಕ್ಷ ಟ್ರೂಮನ್ ಆಜ್ಞೆ ಹೊರಡಿಸಿದ್ದು 1948ರಲ್ಲಿ. ಒಂದೇ ದೇಶಕ್ಕೆ ಸಾಯಲು ಹೊರಟವರು ಒಂದೇ ಪಂಕ್ತಿಯಲ್ಲಿ ಉಣ್ಣುವಂತಿರಲಿಲ್ಲ. ಓದಿದಾಗ ನಿನಗೆ ಸಿಟ್ಟು ಬರುತ್ತದೆ, ಬರಲಿ. ಆ ಸಿಟ್ಟಿನಲ್ಲೇ ನಮ್ಮ ಕೆಲಸದ ಜಾಗವನ್ನು ನೋಡು. ನೀರಿನ ಕೊಡ ಎಷ್ಟಿವೆ, ಯಾರು ಯಾವ ಮರದ ನೆರಳಿಗೆ ಕೂತು ಬುತ್ತಿ ಬಿಚ್ಚುತ್ತಾರೆ, ಯಾವ ಕೇರಿಯವರ ಗುಂಪಿಗೆ ಕಲ್ಲುನೆಲ ಬರುತ್ತದೆ. ನಾಳೆ ಬ್ಯಾರಕ್ಕಿನಲ್ಲಿ ಪಕ್ಕದ ಮಂಚದವನ ಜಾತಿ ಕೇಳದೆ ಅವನ ಕೈಗೆ ನಿನ್ನ ಜೀವ ಒಪ್ಪಿಸಬೇಕು. ಆ ಅಭ್ಯಾಸ ಚಿಗಟೇರಿಯಲ್ಲೇ ಆಗಲಿ. ಎಲ್ಲರೂ ಕುಡಿಯುವ ಕೊಡದಿಂದಲೇ ಕುಡಿ, ಎಲ್ಲರಿಗೂ ಕಾಣುವಂತೆ ಕುಡಿ.

ತಂಗಿಯರೂ ಇದನ್ನು ಕೇಳಲಿ. ಅಮೆರಿಕದ ಆ ಪಡೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲೇ ಇಲ್ಲ. ನಮ್ಮ ಖಾತ್ರಿ ಕೆಲಸದ ಅರ್ಧ ಭಾರ ಹೊತ್ತವರು ಹೆಂಗಸರು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಹೆಣ್ಣುಮಕ್ಕಳ ಮೊದಲ ತಂಡ ಸೈನಿಕರಾಗಿ ಹೊರಬಂತು. ಮಗಳು ಓಡುತ್ತೇನೆ ಎಂದರೆ ಬೈಯಬೇಡಿ ಎಂದು ಅವ್ವಂದಿರಿಗೂ ಹೇಳುತ್ತೇನೆ.

ದುಡ್ಡಿನ ಲೆಕ್ಕ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಅದನ್ನು ಯಾರೂ ಹುಡುಗರಿಗೆ ಕೂರಿಸಿ ಹೇಳುವುದಿಲ್ಲ. 2022ರ ಜೂನ್ 14ರಂದು ಘೋಷಣೆಯಾದ ಸೇನಾ ಭರ್ತಿಯ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಎಂದರೂ ಅದರಲ್ಲಿ 9,000 ಸೇವಾನಿಧಿಗೆ ಹೋಗಿ ಕೈಗೆ ಬರುವುದು 21,000. ನಾಲ್ಕನೆಯ ವರ್ಷ 40,000ಕ್ಕೆ 28,000. ನಿನ್ನಷ್ಟನ್ನೇ ಸರ್ಕಾರವೂ ಹಾಕಿ, ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ಎಂದು ಯೋಜನೆ ಹೇಳುತ್ತದೆ. ನಾಲ್ವರಲ್ಲಿ ಒಬ್ಬರವರೆಗೆ ಮಾತ್ರ ಕಾಯಂ ಆಗುತ್ತಾರೆ. ಉಳಿದವರಿಗೆ ಪಿಂಚಣಿಯಿಲ್ಲ. ಈ ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ದೊಡ್ಡದು. ನನ್ನ ಕೇಳಿದರೆ ಊರಿಗೆ ವಾಪಸಾಗುವ ಮೂವರ ಬಗ್ಗೆ ಅದು ಇನ್ನೂ ಹೆಚ್ಚು ಯೋಚಿಸಬೇಕಿತ್ತು. ಆದರೆ ನೀನು ನಿರ್ಧಾರ ಮಾಡುವುದು ಇರುವ ನಿಯಮದ ಮೇಲೆ. ಹಾಗಾಗಿ 11 ಲಕ್ಷ ಬರುವ ಮೊದಲೇ ಅದರ ಮೇಲೆ ಸಾಲ ಎತ್ತಿ ಬುಲೆಟ್ ಬೈಕು ತರಬೇಡ, ಅಕ್ಕನ ಮದುವೆಗೆ ಪೆಂಡಾಲು ದೊಡ್ಡದು ಮಾಡಬೇಡ. ಅಮೆರಿಕದ ಆ ಶಿಬಿರದ ಹುಡುಗರ 30ರಲ್ಲಿ 25 ಡಾಲರ್ ತಪ್ಪದೆ ಮನೆ ಸೇರಿದ್ದರಿಂದ ಹಿಂದೆ ಉಳಿದ ತಮ್ಮ ತಂಗಿಯರು ಉಂಡರು. ನೀನೂ ಅವ್ವನ ಖಾತೆಗೆ ಮೊದಲ ಸಂಬಳದಿಂದಲೇ ಒಂದು ಪಾಲು ಗೊತ್ತುಮಾಡು.

ಭರ್ತಿ ಮಾಡಿಸಿಕೊಡುತ್ತೇನೆ, ಇಷ್ಟು ಲಕ್ಷ ಕೊಡು ಎನ್ನುವವನು ಎದುರಾದರೆ ಮಾತೂ ಆಡದೆ ಎದ್ದು ಬಾ. ಹೊಲ ಅಡವಿಟ್ಟು ಅಂಥವನಿಗೆ ಕೊಟ್ಟು ಕಣ್ಣೀರಾದ ಮನೆಗಳನ್ನು ನಾನು ಬಲ್ಲೆ. ಪರೀಕ್ಷೆ ಕಂಪ್ಯೂಟರಿನ ಮೇಲೆ, ಓಟ 1.6 ಕಿಲೋಮೀಟರು ಎಲ್ಲರೆದುರು. ಅದರಲ್ಲಿ ದಲ್ಲಾಳಿಗೆ ಜಾಗವಿಲ್ಲ. ಡಾಂಬರಿನ ಮೇಲೆ ದಿನವೂ ಓಡಿ ಮೊಣಕಾಲು ಕೆಡಿಸಿಕೊಳ್ಳಬೇಡ, ಹೊಲದ ಬಂಡಿದಾರಿಯಲ್ಲಿ ಓಡು. ಗಣಿತಕ್ಕೆ ದಿನಕ್ಕೊಂದು ಗಂಟೆ ಕೊಡು. ನಮ್ಮ ಹುಡುಗರು ಓಟದಲ್ಲಿ ಸೋಲುವುದಕ್ಕಿಂತ ಲೆಕ್ಕದಲ್ಲಿ ಸೋಲುವುದೇ ಹೆಚ್ಚು, ಮಾಸ್ತರನಾಗಿ ಇದನ್ನು ಬೇಸರದಿಂದ ಹೇಳುತ್ತೇನೆ.

ಹಿಂದಿರುಗಿ ಬಂದ ಮೇಲಿನ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯ. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ರಾಳೇಗಣ ಸಿದ್ಧಿ ನಮ್ಮಂಥದೇ ಬರದ ಊರು. ಸೇನೆಯಲ್ಲಿ ಚಾಲಕನಾಗಿದ್ದ ಅಣ್ಣಾ ಹಜಾರೆ 1975ರಲ್ಲಿ ಅಲ್ಲಿಗೆ ವಾಪಸಾದರು. ಅವರ ಮುಂದಿನ ರಾಜಕೀಯ ಚಳವಳಿಯ ಬಗ್ಗೆ ನಿನ್ನ ಅಭಿಪ್ರಾಯ ಏನೇ ಇರಲಿ, ಊರವರ ಶ್ರಮದಾನದಿಂದ ಗುಡ್ಡದ ಮೇಲೆ ಗಿಡ, ಇಳುಕಲಿಗೆ ಬದು, ಹಳ್ಳಕ್ಕೆ ತಡೆ ಕಟ್ಟಿಸಿ ಬಾವಿಗಳಲ್ಲಿ ನೀರು ನಿಲ್ಲಿಸಿದ ಕೆಲಸವನ್ನು ಯಾರೂ ಅಲ್ಲಗಳೆಯಲಾರರು. 1982ರಲ್ಲಿ ನಮ್ಮ ಟೆರಿಟೋರಿಯಲ್ ಆರ್ಮಿ ಗಢವಾಲ್ ರೈಫಲ್ಸಿನ ನಿವೃತ್ತ ಸೈನಿಕರನ್ನು ಸೇರಿಸಿ ಪರಿಸರ ಪಲ್ಟನ್ನನ್ನೇ ಕಟ್ಟಿತು. ಸುಣ್ಣಕಲ್ಲಿನ ಗಣಿಗಾರಿಕೆಯಿಂದ ಬೋಳಾಗಿದ್ದ ಮಸ್ಸೂರಿಯ ಬೆಟ್ಟಗಳಿಗೆ ಆ ಮಾಜಿ ಸೈನಿಕರು ಮತ್ತೆ ಹಸಿರು ತಂದರು. ಅಮೆರಿಕದ ಹುಡುಗರು ನೆಲದಿಂದ ಸೈನ್ಯಕ್ಕೆ ನಡೆದರೆ ಇವರು ಸೈನ್ಯದಿಂದ ನೆಲಕ್ಕೆ ನಡೆದರು. ಗಣಿಯ ಗಾಯ ಏನೆಂದು ಬಳ್ಳಾರಿ, ಸಂಡೂರಿನ ನೆರೆಯವರಾದ ನಮಗೆ ಬೇರೆಯವರು ಹೇಳಬೇಕೇ? ಅಂಥದೊಂದು ಪಲ್ಟನ್ನು ನಮ್ಮ ಸೀಮೆಗೂ ಬೇಕು. ನೀನು ಮಾಜಿ ಸೈನಿಕನಾಗಿ ಬಂದ ದಿನ ಆ ಬೇಡಿಕೆಯನ್ನು ಎತ್ತಬೇಕಾದವನು ನೀನೇ.

ಆಯ್ಕೆಯಾಗದೆ ಉಳಿದರೆ? ಹೆಚ್ಚಿನವರು ಉಳಿಯುತ್ತೀರಿ, ಜಾಗ ಕಡಿಮೆ, ಓಡುವವರು ಲಕ್ಷ. ಹಾಗೆ ಉಳಿದವರು ಬಾಗಿಲು ಹಾಕಿಕೊಂಡು ಕೂತದ್ದನ್ನು, ಹೇಳದೆ ಕೇಳದೆ ಬೆಂಗಳೂರಿನ ಬಸ್ಸು ಹತ್ತಿದ್ದನ್ನು ನೋಡಿದ್ದೇನೆ. ಎದೆಯಳತೆಯಲ್ಲಿ ಒಂದು ಸೆಂಟಿಮೀಟರು ಕಡಿಮೆಯಾದದ್ದಕ್ಕೆ ಮನುಷ್ಯ ಕಡಿಮೆಯಾಗುವುದಿಲ್ಲ. ಅರಣ್ಯ ರಕ್ಷಕ, ಪೊಲೀಸ್, ಜಲಾನಯನ ಇಲಾಖೆ, ಮಣ್ಣು ಪರೀಕ್ಷೆಯ ಕೆಲಸ, ಸರ್ವೆ ಕಲಿತವನಿಗೆ ಖಾಸಗಿ ಅಳತೆಯ ಕೆಲಸ, ಎಲ್ಲಕ್ಕೂ ಬದು ಹಾಕುತ್ತ ಕಲಿತದ್ದು ಬಂಡವಾಳ. ಸೋತೆ ಅನಿಸಿದ ದಿನ ಮನೆಗೆ ಹೋಗುವ ಮೊದಲು ನನ್ನ ಹತ್ತಿರ ಬಾ. ಬೇರೆ ಊರಿನವನಾದರೆ ನನ್ನಂಥ ಒಬ್ಬ ಹಿರಿಯ ನಿನ್ನ ಊರಲ್ಲೂ ಇದ್ದಾನೆ, ಅವನ ಹತ್ತಿರ ಹೋಗು.

ಈ ವಾರ ಮಾಡಬೇಕಾದದ್ದು ಇಷ್ಟು. ಕೆಲಸದ ಜಾಗದಲ್ಲಿ ಹಾಜರಿ ಫೋಟೊಗೆ ಮುಂದಿನ ಸಾಲಿನಲ್ಲಿ ನಿಲ್ಲು. ಮುಂದಿನ ಗ್ರಾಮಸಭೆಗೆ ನಾಲ್ಕು ಗೆಳೆಯರನ್ನು ಕರೆದುಕೊಂಡು ಹೋಗಿ, ನಮ್ಮ ಯಾವ ಇಳುಕಲು ಹೊಲಗಳಿಗೆ ಬದು ಬೇಕು, ಯಾವ ಹಳ್ಳಕ್ಕೆ ತಡೆ ಬೇಕು ಎಂದು ಬರೆದ ಪಟ್ಟಿ ಕೊಡು. ಪಟ್ಟಿ ಕ್ರಿಯಾಯೋಜನೆಯಲ್ಲಿ ಸೇರಿತೋ ಇಲ್ಲವೋ ಎಂದು ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊ. ಆಮೇಲೆ ಭರ್ತಿಗೆ ಹೊರಡು.